ಮೊಲ ತಿನ್ನದ ಆಣೆ

ಮೊಲಕ್ಕೆ ಜ್ವರ ಬಂದರೆ ಸಲೈನ್ ಬಾಟಲಿ ನಮ್ಮ ಕಾರ್ಖಾನೆಯ ಗೇಟು ದಾಟುವಂತಿರಲಿಲ್ಲ. ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಗ್ರಾನೈಟ್ ಕೊಯ್ಯುವ ಘಟಕಗಳ ಸಾಲಿನ ಕೊನೆಗೆ ನಮ್ಮದು. ಆಸ್ಪತ್ರೆಗಳಿಗೆ ಗ್ಲೂಕೋಸು, ಸಲೈನು ತುಂಬಿ ಕಳಿಸುತ್ತಿದ್ದೆವು. ಬಾಟಲಿಯ ನೀರಿನಲ್ಲಿ ಸತ್ತ ಬ್ಯಾಕ್ಟೀರಿಯಾದ ಚೂರುಪಾರು ಉಳಿದಿದ್ದರೂ ಸಾಕು, ಅದು ರಕ್ತಕ್ಕೆ ಸೇರಿದ ಸ್ವಲ್ಪ ಹೊತ್ತಿಗೆ ರೋಗಿ ಗಡಗಡ ನಡುಗಲು ಶುರುಮಾಡುತ್ತಾನೆ. ಕುದಿಸಿದರೆ ಹೋಗುವ ವಸ್ತುವಲ್ಲ ಅದು. ಅದನ್ನು ಪತ್ತೆಮಾಡಲು ನಮಗೆ ಆಗ ಇದ್ದದ್ದು ಒಂದೇ ದಾರಿ, ಆ ನೀರನ್ನು ಮೊದಲು ಮೊಲಕ್ಕೆ ಕೊಟ್ಟು ನೋಡುವುದು. ನಾನು ಆ ಮೊಲಗಳ ಡಾಕ್ಟರು. ಐವತ್ತಕ್ಕೂ ಹೆಚ್ಚು ಬಿಳಿ ಮೊಲಗಳು ನನ್ನ ಸುಪರ್ದಿನಲ್ಲಿದ್ದವು.

ಕೆಲಸ ಹೀಗೆ ನಡೆಯುತ್ತಿತ್ತು. ಹಿಂದಿನ ದಿನವೇ ಮೂರು ಮೊಲಗಳ ಮುಂದಿನಿಂದ ಮೇವು ತೆಗೆದುಬಿಡುತ್ತಿದ್ದೆವು. ಬೆಳಿಗ್ಗೆ ಅವನ್ನು ಒಂದೊಂದಾಗಿ ಮರದ ಪೆಟ್ಟಿಗೆಗಳಲ್ಲಿ ಕೂರಿಸುವುದು. ಪೆಟ್ಟಿಗೆಯ ಮುಂಭಾಗದಲ್ಲಿ ಕುತ್ತಿಗೆಯಷ್ಟೇ ಅಗಲದ ಕಿಂಡಿ, ತಲೆ ಮಾತ್ರ ಹೊರಗೆ. ಹಿಂದಿನಿಂದ ಉಷ್ಣತೆ ಅಳೆಯುವ ತಂತಿ ಒಳಗೆ. ಮೈಬಿಸಿ ಒಂದೇ ಮಟ್ಟಕ್ಕೆ ಬಂದು ನಿಂತ ಮೇಲೆ ಕಿವಿಯ ಅಂಚಿನ ರಕ್ತನಾಳದ ಮೇಲಿನ ಕೂದಲು ಬೋಳಿಸಿ, ಸ್ಪಿರಿಟ್ ಒರೆಸಿ, ಉಗುರುಬೆಚ್ಚಗೆ ಕಾಯಿಸಿದ ಸಲೈನನ್ನು ನಿಧಾನವಾಗಿ ಏರಿಸುವುದು. ಆಮೇಲೆ ಮಧ್ಯಾಹ್ನದವರೆಗೂ ಕಾಯುತ್ತ ಆಗಾಗ ಉಷ್ಣತೆ ನೋಡುವುದು. ಏರಲಿಲ್ಲವೋ, ಬಾಟಲಿಗಳು ಲಾರಿ ಹತ್ತುತ್ತಿದ್ದವು. ಏರಿತೋ, ಇನ್ನಷ್ಟು ಮೊಲಗಳ ಮೇಲೆ ಮತ್ತೆ ಅದೇ ಕೆಲಸ.

ಇದರಲ್ಲಿ ಕಷ್ಟದ ಭಾಗ ಸೂಜಿಯಲ್ಲ, ಮೊಲವನ್ನು ಸುಮ್ಮನೆ ಕೂರಿಸುವುದು. ಹೆದರಿದ ಮೊಲದ ಮೈ ತಾನಾಗಿಯೇ ಬಿಸಿಯಾಗುತ್ತದೆ. ಆಗ ದೋಷ ನೀರಿನದೋ ಭಯದ್ದೋ ಹೇಳುವವರಾರು? ಅದಕ್ಕೇ ಹೊಸದಾಗಿ ಬಂದ ಮೊಲಗಳಿಗೆ ವಾರಗಟ್ಟಲೆ ಪಾಠ. ಸೂಜಿ ಇಲ್ಲದೆ ಬರೀ ಪೆಟ್ಟಿಗೆಯಲ್ಲಿ ಕೂರಿಸುವುದು, ಬೆನ್ನು ಸವರುವುದು, ಮೂಲೆಯಲ್ಲಿ ರೇಡಿಯೋ ಹಚ್ಚಿಡುವುದು, ಬೇಕೆಂದೇ ಬಕೆಟ್ಟು ಬೀಳಿಸುವುದು. ಕೊನೆಗೆ ಹೊರಗೆ ಗ್ರಾನೈಟ್ ಗರಗಸ ಕಿರುಚಿದರೂ ಅವು ಮೂಗು ಮಾತ್ರ ಅಲ್ಲಾಡಿಸುತ್ತ ಕೂತಿರುತ್ತಿದ್ದವು. ಬೇರೆ ಕಾರ್ಖಾನೆಗಳಿಂದ ನೋಡಲು ಬಂದವರು ‘ನಿಮ್ಮ ಮೊಲಗಳು ಬಲು ಸಾಧು’ ಎಂದಾಗ ನನಗೆ ಜಂಬವೇ ಆಗುತ್ತಿತ್ತು.

ಈ ಪಾಠದಲ್ಲಿ ನನಗೆ ಜೊತೆಯಾಗಿದ್ದವನು ನಮ್ಮ ಅಟೆಂಡರ್. ಐವತ್ತರ ಆಸುಪಾಸಿನ ಒಕ್ಕಲು ಮನುಷ್ಯ. ಕಾರ್ಖಾನೆ ಎದ್ದು ನಿಂತ ಜಾಗದಲ್ಲಿ ಅವನ ಅಪ್ಪ ರಾಗಿ ಬೆಳೆಯುತ್ತಿದ್ದನಂತೆ. ಭೂಮಿ ಕೊಟ್ಟವರ ಮನೆಗೊಂದು ಕೆಲಸ ಎಂಬ ಒಪ್ಪಂದದಲ್ಲಿ ಇವನಿಗೆ ಸಿಕ್ಕಿದ್ದು ಮೊಲಗಳ ಕೋಣೆ. ಹಬ್ಬಕ್ಕೆ ಕುರಿ ಕೊಯ್ಯಲು ಊರಿನವರು ಇವನನ್ನೇ ಕರೆಯುತ್ತಿದ್ದರು. ನಾನೋ ದಾವಣಗೆರೆ ಕಡೆಯ ಲಿಂಗಾಯತರ ಮನೆಯವಳು. ಮೊಟ್ಟೆ ತಿಂದವರು ಬಂದರೆ ಅವರು ಕುಡಿದ ಲೋಟವನ್ನು ನಮ್ಮಮ್ಮ ಎರಡು ಸಲ ತೊಳೆಯುತ್ತಿದ್ದಳು. ಅದೇ ಅಮ್ಮ, ನಮ್ಮ ಮನೆಗೆ ಬಂದು ಇದ್ದಾಗಲೆಲ್ಲ, ಮೊಲದ ಕಿವಿಗೆ ಸೂಜಿ ಚುಚ್ಚಲು ಹೊರಟ ನನಗೆ ಹಣೆಗೆ ವಿಭೂತಿ ಹಚ್ಚಿ ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಇದರಲ್ಲಿ ಏನೋ ತಾಳೆಯಾಗುತ್ತಿಲ್ಲ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಊರಿನಲ್ಲಿ ಮಾಂಸದಂಗಡಿಯ ಬೀದಿಯನ್ನು ಸುತ್ತಿ ಬಳಸಿ ಹೋಗುತ್ತಿದ್ದವರು ನಾವು.

ತೊಂಬತ್ತರ ದಶಕದ ಕೊನೆಗೆ ಹೊಸ ಪರೀಕ್ಷೆ ಬಂತು. ಸಮುದ್ರದ ಒಂದು ಜಾತಿಯ ಏಡಿಯ ನೀಲಿ ರಕ್ತದಿಂದ ಮಾಡಿದ ಪುಡಿ, ಪುಟ್ಟ ಗಾಜಿನ ನಳಿಗೆ. ಸಲೈನಿನ ಹನಿ ಹಾಕಿ ಬೆಚ್ಚಗಿಟ್ಟು, ಆಮೇಲೆ ನಳಿಗೆಯನ್ನು ತಲೆಕೆಳಗು ಮಾಡಿದಾಗ ಒಳಗಿನದು ಗಟ್ಟಿಯಾಗಿ ನಿಂತರೆ ದೋಷ, ಜಾರಿ ಬಿದ್ದರೆ ಶುದ್ಧ. ಅಷ್ಟೇ. ಇದು ನಮ್ಮಲ್ಲಿಗೆ ಬರಲಿ ಎಂದು ಮ್ಯಾನೇಜರ್ ಹತ್ತಿರ ಜಗಳ ಕಾಯ್ದವಳು ನಾನೇ. ತಿಂಗಳುಗಟ್ಟಲೆ ಪ್ರತಿ ಬ್ಯಾಚನ್ನೂ ಎರಡು ರೀತಿಯಲ್ಲಿ ಪರೀಕ್ಷಿಸಿದೆವು, ಒಂದು ಕಡೆ ಮೊಲ, ಇನ್ನೊಂದು ಕಡೆ ನಳಿಗೆ. ಶುರುವಿನಲ್ಲಿ ಎರಡೂ ಬೇರೆ ಬೇರೆ ಹೇಳುತ್ತಿದ್ದವು. ನಳಿಗೆ ತೊಳೆಯುವ ನೀರಿನಲ್ಲೇ ದೋಷವಿದೆ ಎಂದು ಗೊತ್ತಾಗಲು ನನ್ನ ಅರ್ಧ ಮಳೆಗಾಲ ಹೋಯಿತು. ಕೊನೆಗೆ ಎಲ್ಲ ಸರಿಹೋಗಿ, ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಆ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದೆ. ಎಲ್ಲೋ ಕಡಲ ದಂಡೆಯಲ್ಲಿ ಏಡಿಗಳ ರಕ್ತ ಬಸಿಯುತ್ತಾರೆ ಎನ್ನುವುದು ಗೊತ್ತಿತ್ತು. ಆದರೆ ಆ ಏಡಿ ನನ್ನ ಕಣ್ಣೆದುರು ಇರಲಿಲ್ಲ ನೋಡಿ.

ಮಾರನೆಯ ವಾರ ಮ್ಯಾನೇಜರ್ ಕರೆದರು. ಒಳ್ಳೆಯ ಮನುಷ್ಯ, ಯಾರ ಮೇಲೂ ಕೂಗಾಡಿದ್ದನ್ನು ನಾನು ಕಂಡಿಲ್ಲ.

“ಮೇಡಂ, ಆ ರೂಮ್ ಇನ್ನು ಪ್ಯಾಕಿಂಗ್ ಮೆಟೀರಿಯಲ್‌ಗೆ ಬೇಕು. ಮೊಲಗಳ್ನ ಡಿಸ್ಪೋಸ್ ಮಾಡ್ಬಿಡಿ.”

“ಡಿಸ್ಪೋಸ್ ಅಂದ್ರೆ?”

“ನೀವು ಡಾಕ್ಟ್ರು, ನಾನು ಹೇಳ್ಬೇಕಾ? ನೋವಾಗ್ದೆ ಇರೋ ಥರ ಇಂಜೆಕ್ಷನ್ ಕೊಟ್ಬಿಡಿ. ಸುಡೋಕೆ ಬಾಯ್ಲರ್ ಹುಡುಗ್ರಿಗೆ ಹೇಳ್ತೀನಿ.”

“ಸಾರ್, ಅವುಗಳ್ನ ಉಳಿಸೋಕೆ ಅಂತ್ಲೇ ಅಲ್ವಾ ಈ ಟೆಸ್ಟ್ ತಂದಿದ್ದು?”

ಅವರು ನಿಜಕ್ಕೂ ಗಲಿಬಿಲಿಗೊಂಡರು. “ನಾನು ಬ್ಯಾಚ್ ಬೇಗ ರಿಲೀಸ್ ಆಗುತ್ತೆ ಅಂತ ಒಪ್ಕೊಂಡೆ ಮೇಡಂ. ಕೆಲ್ಸ ಇಲ್ದಿರೋ ಮೊಲ ಇಟ್ಕೊಂಡು ಕಂಪ್ನಿ ಏನ್ ಮಾಡುತ್ತೆ? ಇದು ಗೋಶಾಲೆ ಅಲ್ವಲ್ಲ.” ನನ್ನ ಮುಖ ನೋಡಿ, “ಬೇರೆ ಏನಾದ್ರೂ ದಾರಿ ಇದ್ರೆ ನೋಡಿ. ದೀಪಾವಳಿಯೊಳಗೆ ರೂಮ್ ಖಾಲಿಯಾಗ್ಬೇಕು. ಗೇಟಿನಾಚೆ ಹೋದ್ಮೇಲೆ ನಾನು ಏನೂ ಕೇಳಲ್ಲ,” ಎಂದರು.

ಕೋಣೆಗೆ ವಾಪಸು ಬಂದು ಸಾಲು ಸಾಲು ಗೂಡುಗಳ ನಡುವೆ ನಿಂತೆ. ಸೂಜಿ ಚುಚ್ಚುತ್ತಿದ್ದಷ್ಟು ದಿನ ಇವುಗಳಿಗೆ ಹೊತ್ತು ಹೊತ್ತಿಗೆ ಮೇವು, ಕಾಯಿಲೆ ಬಿದ್ದರೆ ಔಷಧಿ, ಬೇಸಿಗೆಗೆ ತಣ್ಣನೆ ಗಾಳಿ. ಸೂಜಿ ನಿಲ್ಲಿಸಿದ್ದೇ ಬದುಕುವ ಹಕ್ಕೂ ಹೋಯಿತು. ಉಪಕಾರ ಮಾಡಲು ಹೋಗಿ ಬಾವಿಗೆ ತಳ್ಳಿದಂತಾಗಿತ್ತು. ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು, ಯಾರ ಮೇಲೆಂದು ತಿಳಿಯದ ಸಿಟ್ಟು.

ದಾರಿ ಹುಡುಕತೊಡಗಿದೆ. ಪಶುವೈದ್ಯ ಕಾಲೇಜಿನವರು ಬಳಸಿದ ಮೊಲ ಬೇಡವೆಂದರು. ಹಾವು ಸಾಕುವವರೊಬ್ಬರು ‘ಎಷ್ಟಿದ್ದರೂ ಕೊಡಿ, ಜೀವಂತ ಇರಬೇಕು ಅಷ್ಟೇ’ ಎಂದಾಗ ನಾನು ಫೋನು ಇಟ್ಟುಬಿಟ್ಟೆ. ಕುಂದಲಹಳ್ಳಿ ಕಡೆ ಹೊಸ ಅಪಾರ್ಟ್‌ಮೆಂಟಿನಲ್ಲಿದ್ದ ನನ್ನ ಸೋದರತ್ತೆಯ ಮಗಳು ಮಕ್ಕಳು ಆಡಲೆಂದು ಎರಡನ್ನು ಒಯ್ದಳು. ವಾರ ತುಂಬುವ ಮೊದಲೇ ಕಾರಿನಲ್ಲಿ ತಂದು ಬಿಟ್ಟಳು.

“ಟೆಲಿಫೋನ್ ವೈರ್ ಕಡಿದು ಹಾಕ್ಯಾವು ಅಕ್ಕ. ಎತ್ಕೊಂಡ್ರೆ ಕಲ್ಲಿನಂಗೆ ಕೂರ್ತಾವು, ಆಟಾನೇ ಆಡೊಲ್ವು. ನೋಡಾಕೆ ಚಂದ, ಸಾಕಾಕೆ ಅಲ್ಲ ಬಿಡು.”

ಆಗ ಅಟೆಂಡರ್ ಬಾಯಿಬಿಟ್ಟ. “ಡಾಕ್ಟ್ರಮ್ಮ, ನಮ್ಮೂರ್ನೋರ್ಗೆ ಕೊಟ್ರೆ ಕಣ್ಣಿಗೊತ್ಕೊಂಡು ತಗೊಂಡೋಗ್ತಾರೆ. ಮನೆಗೆ ನಾಕು ನಾಕು ಅಂದ್ರೆ ಒಂದೇ ದಿನಕ್ಕೆ ಕಾಲಿ.”

“ತಗೊಂಡು?”

“ಸಾಕ್ತಾರೆ.”

“ಆಮೇಲೆ?”

ಅವನು ತಲೆ ಕೆರೆದುಕೊಂಡ. “ಆಮೇಲೆ ಎಂದೋ ಒಂದಿನ ನೆಂಟ್ರು ಬಂದಾಗ ಸಾರ್ ಮಾಡ್ತಾರೆ. ಅದ್ರಲ್ಲೇನಿದೆ?”

“ಬೇಡ. ಇಷ್ಟು ವರ್ಷ ಸೂಜಿ ಚುಚ್ಚಿಸ್ಕೊಂಡಿದಾವೆ. ಸಾರಿಗೆ ಹೋಗೋದು ಬೇಡ.”

“ಬಾಯ್ಲರ್‌ಗೆ ಓಗ್ಬೋದಾ ಅಂಗಾದ್ರೆ?”

ಎರಡು ದಿನ ನಾವು ಮಾತೇ ಆಡಲಿಲ್ಲ. ಮೂರನೆಯ ದಿನ ಅವನೇ ಒಂದು ಉಪಾಯ ತಂದ. ಕಾರ್ಖಾನೆಯ ಗೇಟಿನ ಪಕ್ಕ ಮುನೇಶ್ವರನ ಪುಟ್ಟ ಗುಡಿ ಇತ್ತು. ಭೂಮಿ ಕೊಡುವಾಗ ಅದೊಂದನ್ನು ಕೆಡವಕೂಡದೆಂದು ಊರಿನವರು ಹಟ ಹಿಡಿದಿದ್ದರು. “ಆಣೆ ಮಾಡಿಸ್ಬಿಡಿ ಡಾಕ್ಟ್ರಮ್ಮ. ಮುನೇಶ್ವರನ ಮುಂದೆ ಕರ್ಪೂರ ಆರಿಸಿ ಆಣೆ ಮಾಡುದ್ರೆ, ನಮ್ಮೋರು ಉಪವಾಸ ಸತ್ರೂ ತಪ್ಪಲ್ಲ,” ಎಂದ.

ಅವನ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು. ಮಾಂಸ ತಿನ್ನುವವರ ಕೈಗೆ ಮೊಲ ಕೊಟ್ಟೂ ಅದನ್ನು ಉಳಿಸುವ ದಾರಿ! ಒಂದು ಸೋಮವಾರ, ಶಿಫ್ಟು ಶುರುವಾಗುವ ಮೊದಲು, ಊರಿನ ಹತ್ತು ಹನ್ನೆರಡು ಮನೆಯವರು ಬಿದಿರಿನ ಬುಟ್ಟಿ ಹಿಡಿದು ಬಂದರು. ಪೂಜಾರಿ ಕರ್ಪೂರ ಹಚ್ಚಿದ. ಒಬ್ಬೊಬ್ಬರೂ ಮುಂದೆ ಬಂದು ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ, “ತಿನ್ನಲ್ಲ, ಮಾರಲ್ಲ, ಕೊಲ್ಲಲ್ಲ, ನನ್ ಮಕ್ಳಾಣೆ” ಎಂದರು. ನಮ್ಮ ಕ್ಯಾಂಟೀನಿಗೆ ಹಾಲು ಹಾಕುತ್ತಿದ್ದ ಅಕ್ಕ ಎಲ್ಲರಿಗಿಂತ ಮೊದಲು ಬಂದು ನಾಲ್ಕನ್ನು ತೆಗೆದುಕೊಂಡಳು. ಬುಟ್ಟಿಗೆ ಹುಲ್ಲಿನ ಮೆತ್ತೆ ಮಾಡಿ ತಂದಿದ್ದಳು. ಅದನ್ನು ನೋಡಿ ನನ್ನ ಕಣ್ಣು ತುಂಬಿತು. ಮಧ್ಯಾಹ್ನದ ಹೊತ್ತಿಗೆ ಕೋಣೆಯ ಮುಕ್ಕಾಲು ಭಾಗ ಖಾಲಿ. ಉಳಿದ ಹನ್ನೆರಡಕ್ಕೆ ಪಕ್ಕದ ಊರಿನವರು ಮುಂದಿನ ವಾರ ಬರುತ್ತೇವೆಂದಿದ್ದರು.

ಆ ಮುಂದಿನ ವಾರ ಯಾರೂ ಬರಲಿಲ್ಲ. ಹಾಲಿನಕ್ಕ ನನ್ನನ್ನು ಕಂಡರೆ ಬೇರೆ ದಿಕ್ಕಿಗೆ ತಿರುಗಿಕೊಳ್ಳತೊಡಗಿದಳು. ಕೇಳಿದರೆ “ಚೆನ್ನಾಗವೆ, ಚೆನ್ನಾಗವೆ” ಎನ್ನುವಳು. ಡಾಕ್ಟರ ಕಿವಿಗೆ ಆ ‘ಚೆನ್ನಾಗವೆ’ ಯಾಕೋ ನಿಜವೆನಿಸಲಿಲ್ಲ. ಒಂದು ದಿನ ಅಟೆಂಡರನ್ನು ಕರೆದುಕೊಂಡು ಅವಳ ಮನೆಗೇ ಹೋದೆ. ಹಿತ್ತಿಲಿನಲ್ಲಿ ಗೂಡು ಇತ್ತು, ತೊಳೆದು ಬೋರಲು ಹಾಕಿದ್ದರು.

“ಎಲ್ಲಿ ಹೋದ್ವಮ್ಮ ಮೊಲಗಳು?”

ಹಾಲಿನಕ್ಕ ಸೆರಗಿನ ಚುಂಗು ಬಾಯಿಗೆ ಕಚ್ಚಿಕೊಂಡು ನಿಂತಳು. ಒಳಗಿನಿಂದ ಅವಳ ಅತ್ತೆ ಬಂದು ಜಗಲಿಯ ಮೇಲೆ ಕೂತಳು.

“ಕೂತ್ಕೊಳ್ಳಿ ಡಾಕ್ಟ್ರಮ್ಮ. ನಾವು ತಿಂದಿಲ್ಲ, ಮಾರಿಲ್ಲ. ಮುನೇಶ್ವರ ಅವ್ನೆ, ನೋಡ್ತಾವ್ನೆ. ಬಿಟ್ಬಿಟ್ವಿ.”

“ಎಲ್ಲಿ ಬಿಟ್ರಿ?”

“ನೀಲಗಿರಿ ತೋಪಲ್ಲಿ.”

ಆಮೇಲೆ ಮುದುಕಿ ಎಲ್ಲವನ್ನೂ ಹೇಳಿದಳು. ಊರಿನ ಕೊನೆಯ ಮನೆಯಲ್ಲಿ ಬೆಕ್ಕೊಂದು ಗೂಡಿಗೆ ಕೈಹಾಕಿ ಮೊಲ ಕೊಂದಿತಂತೆ. ಅದೇ ವಾರ ಆ ಮನೆಯ ಕೂಸಿಗೆ ಮೈ ಕೆಂಡವಾಗಿ, ಆನೇಕಲ್ಲಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೂಸೇನೋ ಉಳಿಯಿತು. ಆದರೆ ಊರೆಲ್ಲ ಒಂದೇ ಮಾತು: ಕೊಲ್ಲಲ್ಲ ಅಂತ ಮಕ್ಕಳ ಮೇಲೆ ಆಣೆ ಮಾಡಿ, ಮನೆಯಲ್ಲೇ ಸಾವಾದರೆ ಮುನೇಶ್ವರ ಬಿಡುತ್ತಾನಾ?

“ಕುರಿ ಸತ್ರೆ ಕುರಿ ಸತ್ತೋಯ್ತು ಅಂತೀವಿ. ಕೋಳಿ ಸತ್ರೆ ಎತ್ತಿ ಎಸೀತೀವಿ. ಇದು ಅಂಗಲ್ವಲ್ಲ ತಾಯಿ. ಬೆಕ್ಕು ತಿಂದ್ರೂ ನಮ್ ತಲೆಗೆ, ಬೇದಿ ಅತ್ಕೊಂಡು ಸತ್ರೂ ನಮ್ ತಲೆಗೆ. ಎಂಗೆ ಇಟ್ಕೊಳೋದು ಯೋಳಿ? ನಮ್ ಮನೇಲಿ ಸಾಯ್ದೆ ಇರ್ಲಿ ಅಂತ ಎಲ್ರೂ ತಗೊಂಡೋಗಿ ತೋಪಲ್ಲಿ ಬಿಟ್ಬಿಟ್ರು. ಕಾಡಲ್ಲಿರೋ ಪ್ರಾಣಿ, ಕಾಡಿಗೆ ಓದ್ವು.”

ಆ ಮೊಲಗಳು, ಅವುಗಳ ತಾಯಿ, ತಾಯಿಯ ತಾಯಿ, ಯಾವುವೂ ಕಾಡು ಕಂಡಿರಲಿಲ್ಲ. ನಾನು ಎದ್ದು ತೋಪಿನ ಕಡೆ ಓಡಿದೆ. ಅಟೆಂಡರ್ ಎರಡು ಬುಟ್ಟಿ ಕಸಿದುಕೊಂಡು ಹಿಂದೆ ಬಂದ. ಅವನ ಮುಖ ಕಪ್ಪಿಟ್ಟಿತ್ತು. ಆಣೆಯ ಮಾತು ಎತ್ತಿದವನು ಅವನು, ಕುಣಿದು ಒಪ್ಪಿದವಳು ನಾನು. ಒಬ್ಬರನ್ನೊಬ್ಬರು ದೂರಲು ಇಬ್ಬರಿಗೂ ಬಾಯಿರಲಿಲ್ಲ.

ತೋಪು ದೊಡ್ಡದೇನಲ್ಲ. ಹಿಂದಿನ ದಿನ ಸಂಜೆ ತಂದು ಬಿಟ್ಟಿದ್ದರಂತೆ. ನೆಲದ ಮೇಲೆ ಒಣಗಿದ ನೀಲಗಿರಿ ಎಲೆ ಬಿಟ್ಟರೆ ಹುಲ್ಲಿನ ಹೆಸರಿಲ್ಲ. ಮೊದಲು ಕಂಡದ್ದು ಬಿಳಿಯ ತುಪ್ಪಳ, ಗಾಳಿಗೆ ಹರಡಿಕೊಂಡದ್ದು. ಕ್ವಾರಿಯ ಕಡೆಯ ನಾಯಿಗಳು ಬಂದು ಹೋಗಿದ್ದವು. ಎಲ್ಲವನ್ನೂ ಇಲ್ಲಿ ಬರೆಯಲಾರೆ. ಮುಂದೆ ಹೋದಂತೆ ಜೀವ ಇದ್ದವೂ ಸಿಕ್ಕವು. ಅವು ಅಡಗಿರಲಿಲ್ಲ, ಓಡಿರಲಿಲ್ಲ. ಬುಟ್ಟಿಯಿಂದ ಇಳಿಸಿದ ಜಾಗದಲ್ಲೇ, ಒಂದೊಂದು ಮರದ ಬುಡಕ್ಕೆ, ನಾನು ಕಲಿಸಿದ ಹಾಗೆ ಮುಂಗಾಲು ಜೋಡಿಸಿ ಕೂತಿದ್ದವು. ನಾನು ಬಗ್ಗಿದರೆ ಮೂಗು ಅಲ್ಲಾಡಿಸಿದವು. ಪಕ್ಕದ ಮೊಲವನ್ನು ನಾಯಿ ಹರಿದದ್ದನ್ನು ಅವು ಹೀಗೇ ಕೂತು ನೋಡಿರಬೇಕು.

“ಓಡಕ್ಕಾದ್ರೂ ಕಲಿಸ್ಬೇಕಾಗಿತ್ತು ನಾವು,” ಎಂದ ಅಟೆಂಡರ್. ಅಷ್ಟು ಹೇಳಿ ಮುಖ ಆಚೆ ತಿರುಗಿಸಿಕೊಂಡ.

ಇಪ್ಪತ್ತರಷ್ಟು ಸಿಕ್ಕವು. ಮೂರಕ್ಕೆ ಗಾಯ ಆಳವಾಗಿತ್ತು. ಕೋಣೆಗೆ ತಂದು ಅವನ್ನು ನಾನೇ ಇಂಜೆಕ್ಷನ್ ಕೊಟ್ಟು ಕೊನೆಯ ನಿದ್ದೆಗೆ ಮಲಗಿಸಿದೆ, ಪೆಟ್ಟಿಗೆಗೆ ಹಾಕದೆ, ಅಟೆಂಡರನ ಮಡಿಲಿನಲ್ಲಿಟ್ಟು. ಅದೇ ಕಿವಿಯ ಅದೇ ರಕ್ತನಾಳ. ಒಂದೂ ಕೊಸರಾಡಲಿಲ್ಲ. ಊಟದ ಡಬ್ಬಿಯನ್ನು ಆ ದಿನ ತೆರೆಯಲೇ ಇಲ್ಲ.

ಕೋಣೆಯಲ್ಲಿ ಈಗ ಮೂವತ್ತರ ಹತ್ತಿರ ಮೊಲ, ದೀಪಾವಳಿಗೆ ಉಳಿದದ್ದು ಹತ್ತು ದಿನ. ಮ್ಯಾನೇಜರ್ ಏನೂ ಕೇಳಲಿಲ್ಲ, ಆದರೆ ಪ್ಯಾಕಿಂಗ್ ಡಬ್ಬಗಳು ಕೋಣೆಯ ಬಾಗಿಲವರೆಗೂ ಬಂದು ಕೂತಿದ್ದವು. ಬೀರುವಿನಲ್ಲಿ ಮಲಗಿಸುವ ಔಷಧಿ ಎಲ್ಲಕ್ಕೂ ಸಾಕಾಗುವಷ್ಟಿತ್ತು. ಬೆಳಿಗ್ಗೆ ಹೋಗಿ ಬೀರು ತೆಗೆಯುವುದು, ಶೀಶೆ ನೋಡುವುದು, ಮತ್ತೆ ಮುಚ್ಚುವುದು. ಇದು ನೋವಿಲ್ಲದ ಸಾವು, ನನಗೆ ಗೊತ್ತಿದ್ದ ವಿದ್ಯೆ, ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೂ ಕೈ ಬರಲಿಲ್ಲ. ತೋಪಿನಿಂದ ಬದುಕಿ ಬಂದದ್ದನ್ನು ಜಾಗ ಬೇಕೆಂದು ಕೊಲ್ಲುವುದು ಹೇಗೆ?

ಕೊನೆಗೆ ನಾನೇ ಅಟೆಂಡರನ್ನು ಕೇಳಿದೆ. “ಈಗ ತಿನ್ನೋರಿಗೇ ಕೊಡ್ತೀನಿ ಅಂದ್ರೆ?”

ಅವನು ತಲೆ ಅಲ್ಲಾಡಿಸಿದ. “ಈಗ ಆ ಕಾಲನೂ ಓಯ್ತು. ಆಣೆ ಬಿದ್ದ ಮೊಲ. ತಿನ್ನೋದಿರ್ಲಿ, ಈ ಕಡೆ ತಿರುಗಿ ನೋಡಲ್ಲ ಯಾರೂ.”

“ಆಣೆ ಬಿಡಿಸೋಕೆ ಆಗಲ್ವಾ?”

ಅವನು ಪೂಜಾರಿಯನ್ನು ಕೇಳಿಕೊಂಡು ಬಂದ. ಬಿಡಿಸಬಹುದು. ಆಣೆ ಮಾಡಿಸಿದವರೇ ದೇವರ ಮುಂದೆ ನಿಂತು ‘ಬಿಟ್ಟೆ’ ಎನ್ನಬೇಕು. ಮತ್ತು ಆಣೆ ಮಾಡಿಸಿದವರ ಕೈಯಿಂದಲೇ ಮುನೇಶ್ವರನಿಗೆ ಒಂದು ಹುಂಜ.

“ಕಾಯಿ ಒಡೆದ್ರೆ ಆಗಲ್ವಾ? ಬೂದುಗುಂಬಳ?”

“ಜೀವದ ಮೇಲಿನ ಆಣೆ ಡಾಕ್ಟ್ರಮ್ಮ. ಜೀವಾನೇ ಕೇಳ್ತಾನೆ.”

ಆ ರಾತ್ರಿ, ಹಬ್ಬಕ್ಕೆಂದು ಬಂದಿದ್ದ ಅಮ್ಮನಿಗೆ ಹೇಳಿದೆ. ಅವಳು ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ಬಿಟ್ಟು, “ನಮ್ಮನ್ಯಾಗ ಹುಟ್ಟಿ ನೀ ಕೋಳಿ ಕೊಡ್ತೀಯಾ ದೇವ್ರಿಗೆ?” ಎಂದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಒಂದು ಹುಂಜಕ್ಕೆ ಮೂವತ್ತು ಮೊಲ. ನಮ್ಮ ಕಾರ್ಖಾನೆ ನಡೆದದ್ದೂ ಇದೇ ಲೆಕ್ಕದಲ್ಲಿ: ಮೂರು ಮೊಲಕ್ಕೆ ಸಾವಿರಾರು ರೋಗಿಗಳು. ಲೆಕ್ಕ ಯಾವಾಗಲೂ ಸರಿಯಾಗಿಯೇ ಬರುತ್ತದೆ, ಏಕೆಂದರೆ ಹಾಕುವವರು ನಾವು. ಆ ಹುಂಜಕ್ಕಾಗಲಿ, ಕಡಲಿನ ಆ ಏಡಿಗಾಗಲಿ ಒಂದು ಮಾತು ಕೇಳಿದವರಿಲ್ಲ. ನನಗೆ ನನ್ನ ಮೇಲೆ, ಇಡೀ ಮನುಷ್ಯಜಾತಿಯ ಮೇಲೆ ಹೇಸಿಗೆಯಾಯಿತು. ಆದರೂ ಮಾರನೆಯ ಬೆಳಿಗ್ಗೆ ಅಟೆಂಡರಿಗೆ ‘ಹೂಂ, ಮಾಡೋಣ’ ಅಂದೆ. ಅವನು ಕಣ್ಣರಳಿಸಿ ನನ್ನನ್ನೇ ನೋಡಿದ.

ಹುಂಜ ಅವನ ಮನೆಯದೇ. ಕೆಂಪು ಜುಟ್ಟಿನ, ಬಾಲದಲ್ಲಿ ಹಸಿರು ಹೊಳೆಯುವ ಹುಂಜ. ಅದನ್ನು ನನ್ನ ಕೈಗೆ ಕೊಟ್ಟಾಗ ಅದರ ಎದೆ ನನ್ನ ಬೆರಳುಗಳಿಗೆ ಬಡಿಯುತ್ತಿತ್ತು. ಇಷ್ಟು ವರ್ಷ ಪ್ರಾಣಿಗಳನ್ನು ಹಿಡಿದ ಕೈ, ತಾನಾಗಿಯೇ ಅದರ ಕುತ್ತಿಗೆ ಸವರಿ ಸಮಾಧಾನ ಮಾಡತೊಡಗಿತು. ಸಮಾಧಾನವೂ ಆಯಿತು ಅದಕ್ಕೆ. ಹಾಗೆ ಸಮಾಧಾನವಾದ ಹುಂಜವನ್ನು ಪೂಜಾರಿಗೆ ದಾಟಿಸಿ, “ಬಿಟ್ಟೆ” ಎಂದೆ. “ಜೋರಾಗಿ ಯೋಳಿ ತಾಯಿ, ಎಲ್ರಿಗೂ ಕೇಳ್ಬೇಕು,” ಎಂದ ಪೂಜಾರಿ. ಇನ್ನೊಮ್ಮೆ ಹೇಳಿದೆ. ನಾನು ಕಣ್ಣು ಮುಚ್ಚಲಿಲ್ಲ. ನೋಡದೆ ಇರುವ ಸೌಕರ್ಯವನ್ನು ಅಷ್ಟು ಕಾಲ ಅನುಭವಿಸಿದ್ದು ಸಾಕೆನಿಸಿತ್ತು.

ನೆಲ ತೊಳೆಯುತ್ತಿದ್ದಂತೆ ಜನರ ಮುಖವೇ ಬೇರೆಯಾಯಿತು. ಮತ್ತೆ ಬುಟ್ಟಿಗಳು ಬಂದವು. ಈ ಸಲ ಯಾರೂ ನನ್ನ ಕಡೆ ಅಂಜಿಕೆಯಿಂದ ನೋಡಲಿಲ್ಲ. ಸಂತೆಯಲ್ಲಿ ನೋಡುವಂತೆ ಮೊಲವನ್ನೆತ್ತಿ, ತೊಡೆ ಒತ್ತಿ, ಬೆನ್ನು ಸವರಿ ಆರಿಸಿದರು. “ಇದು ಎಣ್ಣು, ಮರಿ ಆಯ್ತದೆ, ನಂಗಿರ್ಲಿ,” ಎಂದು ಒಬ್ಬ. “ಬೆಕ್ಕಿಗೆ ಸಿಗ್ದಂಗೆ ಎತ್ರುಕ್ಕೆ ಗೂಡು ಕಟ್ಸಿವ್ನಿ,” ಎಂದು ಇನ್ನೊಬ್ಬ. ಅವರಲ್ಲಿ ಈಗ ನಿಜವಾದ ಅಕ್ಕರೆ ಇತ್ತು. ತನ್ನದು, ತನಗೆ ಬರುವುದು ಎಂಬ ಅಕ್ಕರೆ. ನನ್ನ ಆಣೆ ಕಸಿದುಕೊಂಡದ್ದು ಇದನ್ನೇ ಎಂದು ಅರ್ಥವಾಗುತ್ತಿದ್ದಂತೆ ನನಗೆ ಇನ್ನಷ್ಟು ದುಃಖವಾಯಿತು. ಅವು ಇನ್ನೊಂದು ವರ್ಷವೋ ಎರಡು ವರ್ಷವೋ ಬಿಸಿಲು ಕಾಣುತ್ತವೆ, ಹಸಿ ಸೊಪ್ಪು ತಿನ್ನುತ್ತವೆ, ಮರಿ ಹಾಕುತ್ತವೆ, ಆಮೇಲೆ ಒಂದು ದಿನ ಸಾರಾಗುತ್ತವೆ. ನನ್ನಿಂದ ಕೊಡಲಾದ ಅತ್ಯುತ್ತಮ ಬದುಕು ಇದು. ಶೀಶೆಯ ಸಾವಿಗಿಂತ ಇದು ಒಳ್ಳೆಯದೇ? ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

ಕೊನೆಗೆ ಹಾಲಿನಕ್ಕ ಬಂದಳು. ಅವಳ ಪಾಲಿಗೆ ಮೂರು ಉಳಿದಿದ್ದವು. ಅದರಲ್ಲೊಂದು ತೋಪಿನಿಂದ ಬಂದದ್ದು. ಕಿವಿಯ ಅಂಚೆಲ್ಲ ಸೂಜಿಯ ಗಂಟುಗಂಟು. ಅದನ್ನು ಅವಳು ಎದೆಗವಚಿಕೊಂಡಳು. ನಾನು ಅವಳನ್ನು ಸ್ವಲ್ಪ ಆಚೆಗೆ ಕರೆದೆ.

“ನೋಡಮ್ಮ, ತಿನ್ಬೇಡ ಅಂತ ಹೇಳಲ್ಲ. ಅದು ಇನ್ಮೇಲೆ ನಿಂದು. ಒಂದೇ ಒಂದು ಕೇಳ್ಕೋತೀನಿ. ಕಿವಿ ಹಿಡಿದು ಎತ್ಬೇಡಿ. ಕೊಯ್ಯೋ ದಿನ, ಒಂದರ ಎದುರಿಗೆ ಇನ್ನೊಂದನ್ನ ಕೊಯ್ಬೇಡಿ. ಅವು ಓಡಲ್ಲ, ಕೂತು ನೋಡ್ತಾವೆ.”

ಹಾಲಿನಕ್ಕ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲೂ ನೀರು ಬಂತು. ಮೊಲವನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯನ್ನು ಗುಡಿಯ ಕಡೆ ಚಾಚಿದಳು.

“ಆಯ್ತು ಡಾಕ್ಟ್ರಮ್ಮ. ಆಣೆ ಮಾಡ್ಲಾ?”

ನಾನು ಆ ಕೈಯನ್ನು ಹಿಡಿದು ಕೆಳಗಿಳಿಸಿದೆ.

“ಬೇಡ ಕಣಮ್ಮ. ಆಣೆ ಬೇಡ.”